ನೀಲಿ ಬಣ್ಣ ಮೆತ್ತಿದ ಸ್ಕ್ರೂಡ್ರೈವರ್

ನೂಲುಂಡೆಗಳ ಡಬ್ಬಿಯ ತಳದಲ್ಲಿ ಅದು ಸಿಕ್ಕಿತು. ಮರದ ಹಿಡಿಯ ಮೈನಸ್ ಸ್ಕ್ರೂಡ್ರೈವರ್. ಮೊನೆ ಸೊಟ್ಟಗಾಗಿತ್ತು, ಮೇಲೆ ಒಣಗಿದ ನೀಲಿ ಬಣ್ಣ. ನೋಡಿದ್ದೇ ತಡ, ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟು ನೆತ್ತಿಗೇರಿತು.

ಬೆಳಿಗ್ಗೆ ಚಳ್ಳಕೆರೆ ಪೇಟೆಯಿಂದ ರಿಪೇರಿಯವನೊಬ್ಬ ಬಂದಿದ್ದ. ನನ್ನ ಹೊಲಿಗೆ ಮಿಷಿನ್ನಿನದು ತಲೆಯ ಮೇಲೆ ಒಂದೇ ಗೀಟಿರುವ ಹಳೇ ಸ್ಕ್ರೂ. ಅವನ ಚೀಲದಲ್ಲಿದ್ದದ್ದೆಲ್ಲ ಪ್ಲಸ್ ಡ್ರೈವರ್‌ಗಳೇ. ಅದರಲ್ಲೇ ಒಂದನ್ನು ಗೀಟಿಗೆ ತುರುಕಿ, ಬಲ ಹಾಕಿ ತಿರುಗಿಸಿದ. ಗೀಟಿನ ಅಂಚೇ ಕಿತ್ತು ಬಂತು. “ಹಳೇ ಮಾಲು ಅಕ್ಕ, ಗುಜರಿಗೆ ಹಾಕ್ರಿ” ಎಂದ, ಅಯೋಗ್ಯ!

ಮೊದಲೆಲ್ಲ ರಿಪೇರಿಗೆ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮಿಷಿನ್ ತಾತ ಇದ್ದಿದ್ದರೆ ಅವನ ಕೈಗೆ ಬಾರಿಸುತ್ತಿದ್ದರು. ತಾತ ಮೊದಲು ನನ್ನಿಂದ ಸೂಜಿ ಇಸಿದುಕೊಂಡು ಗೀಟಿನ ಕೊಳೆ ಕೆದಕುತ್ತಿದ್ದರು. ಆಮೇಲೆ ಡ್ರೈವರ್ ಇಟ್ಟು ಕಿಟಕಿಯ ಕಡೆ ಬಗ್ಗಿ ನೋಡುತ್ತಿದ್ದರು. ಗೀಟಿಗೂ ಮೊನೆಗೂ ನಡುವಿನ ಸಂದಿಯಲ್ಲಿ ಬೆಳಕು ಕಂಡರೆ ತಿರುಗಿಸುತ್ತಲೇ ಇರಲಿಲ್ಲ. ಇನ್ನೊಂದು ಇಡುವರು, ಮತ್ತೊಂದು... ಯಾವುದೂ ಕೂರದಿದ್ದರೆ ಚೀಲ ಕಟ್ಟಿ ಎದ್ದುಬಿಡುವರು.

“ಪ್ಲಸ್ ಆದ್ರೆ ತಾನಾಗೇ ನಡುವಿಗೆ ಕೂರ್ತೈತೆ ಅಮ್ಮಾಯಿ. ಈ ಒಂಟಿ ಗೀಟಲ್ಲಿ ಜಾರ್ತೈತೆ. ಅಗಲಾನೂ ಸರಿ ಇರ್ಬೇಕು, ದಪ್ಪಾನೂ ಸರಿ ಇರ್ಬೇಕು. ನಾಳೆ ತರ್ತೀನಿ.”

ಮದುವೆ ಬ್ಲೌಸುಗಳ ರಾಶಿಯ ಮುಂದೆ ಕೂತ ನನಗೆ ಮೈ ಉರಿಯುತ್ತಿತ್ತು. ಕೊನೆಗೆ ಅವರೇ ಒಂದು ಡ್ರೈವರನ್ನು ಅರದಿಂದ ಉಜ್ಜಿ, ನನ್ನ ಮಿಷಿನ್ನಿನ ಗೀಟಿಗೆ ಸರಿಯಾಗಿ ಕೂರುವಂತೆ ಮಾಡಿಕೊಟ್ಟರು. ಬೇರೆ ಯಾವುದಕ್ಕೂ ಮುಟ್ಟಿಸಬೇಡ ಎಂದಿದ್ದರು.

ಮುಟ್ಟಿಸಿದ್ದು ನಾನೇ. ಬಾಗಿಲಿಗೆ ಬಣ್ಣ ಹೊಡೆಯುವಾಗ ಡಬ್ಬದ ಮುಚ್ಚಳ ಏಳಲಿಲ್ಲ, ಕೈಗೆ ಸಿಕ್ಕ ಈ ಡ್ರೈವರಿನಿಂದಲೇ ಮೀಟಿದೆ. ಮುಂದಿನ ಸಲ ಬಂದ ತಾತ ಮೊನೆ ಸವರಿ ಮುಖ ತಿರುಗಿಸಿದರು. ತಪ್ಪಾಯಿತು ಅನ್ನುವುದು ಬಿಟ್ಟು ನಾನು, “ಒಂದು ಡ್ರೈವರ್‌ಗೆ ಯಾಕೆ ಮುಖ ಊದಿಸ್ಕೊಂತೀರಾ ತಾತ, ಪೇಟೇಲಿ ಬೇಕಾದಷ್ಟು ಸಿಗ್ತಾವೆ” ಎಂದುಬಿಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ!

“ಸಿಗ್ತಾವೆ ಬಿಡು” ಎಂದು ಎದ್ದರು. ಮತ್ತೆ ನಮ್ಮ ಬೀದಿಗೆ ಬರಲಿಲ್ಲ... ಅವರು ತೀರಿಕೊಂಡದ್ದು ತಿಳಿದದ್ದು ಮೊಳಕಾಲ್ಮೂರಿನಿಂದ ಸೀರೆ ತಂದವಳ ಬಾಯಿಂದ.

ಈಗ ಆ ಸೊಟ್ಟ ಮೊನೆಯನ್ನು ಕಲ್ಲಿಗೆ ಉಜ್ಜಿದೆ. ಗೀಟನ್ನು ಸೂಜಿಯಿಂದ ಕೆದಕಿ, ಡ್ರೈವರ್ ಇಟ್ಟು, ಕಿಟಕಿಯ ಕಡೆ ಬಗ್ಗಿ ನೋಡಿದೆ. ಬೆಳಕು ಕಂಡಿತು. ಮತ್ತೆ ಉಜ್ಜಿ ನೋಡಿದೆ, ಮೊನೆ ತೆಳುವಾಗಿ ಇನ್ನೂ ಹೆಚ್ಚಾಗಿ ಕಂಡಿತು. ಬೆಳಗಿನಿಂದ ಆ ರಿಪೇರಿಯವನಿಗೆ ಬೈದದ್ದೆಲ್ಲ ನನಗೇ ಸಲ್ಲಬೇಕಾದದ್ದು. ತಿರುಗಿಸದೆ ಡ್ರೈವರ್ ಕೆಳಗಿಟ್ಟೆ. ನಾಳೆ ತರ್ತೀನಿ ಅನ್ನಲು ಈಗ ಯಾರೂ ಇಲ್ಲ.