ಚನ್ನಾಜಮ್ಮ ಉಳಿಸಿಕೊಂಡ ಬಾಲವಾಡಿ

ನಂಜನಗೂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಚನ್ನಾಜಮ್ಮನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಆಕೆ ‘ಮಿಸ್ಸು’. ರೈಲ್ವೆ ನೌಕರರ ಹೆಂಡತಿಯರ ಸಂಘ ನಡೆಸುವ ಬಾಲವಾಡಿಗೆ ಮದುವೆಯಾದ ಹೊಸದರಲ್ಲಿ ಸೇರಿದವಳು, ಮನೆಗೆ ಸೊಸೆ ಬಂದರೂ ಬಿಟ್ಟಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸುವುದು, ಮೂಗು ಒರೆಸುವುದು, ಸ್ವಾತಂತ್ರ್ಯ ದಿನಕ್ಕೆ ಕುಣಿತ ಕಲಿಸುವುದು, ಹಳಿ ಕೆಲಸದ ಗ್ಯಾಂಗಿನವರ ಹೆಂಡತಿಯರಿಗೆ ಹೊಲಿಗೆ ಹೇಳಿಕೊಡುವುದು, ಎಲ್ಲ ಅವಳದೇ.

ಈಗ ಕ್ವಾರ್ಟರ್ಸು ಅರ್ಧಕ್ಕರ್ಧ ಖಾಲಿ. ನೌಕರರು ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದು ಮಕ್ಕಳನ್ನು ಕಾನ್ವೆಂಟಿಗೆ ಹಾಕಿದ್ದಾರೆ. ಬಾಲವಾಡಿಗೆ ಉಳಿದ ರೈಲ್ವೆ ಮಗು ಗೌತಮಿ ಒಬ್ಬಳೇ. ಅವಳಪ್ಪ ಚಿಕ್ಕಮಾದು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಹೋದ ಮಳೆಗಾಲದಲ್ಲಿ ಕೆಲಸದ ಮೇಲಿದ್ದಾಗಲೇ ರೈಲಿಗೆ ಸಿಕ್ಕಿ ಸತ್ತ. ತಾಯಿ ಆಶಾರಾಣಿಗೆ ಬರಬೇಕಾದ ಅನುಕಂಪದ ನೌಕರಿ ಇವತ್ತು ನಾಳೆ ಅನ್ನುತ್ತಲೇ ಇದೆ. ಹೊಟ್ಟೆ ಕೇಳಬೇಕಲ್ಲ, ಕಂಟ್ರಾಕ್ಟರ್ ಕೆಳಗೆ ಹಳಿಗೆ ಜಲ್ಲಿ ಹೊರಲು ಹೋಗುತ್ತಾಳೆ. ಅವಳು ಬರುವವರೆಗೆ ಮಗುವಿಗೆ ಬಾಲವಾಡಿಯೇ ಗತಿ.

ಸಂಘದ ಅಧ್ಯಕ್ಷೆ ನೋಡಲು ಬರುತ್ತಾರೆ, ರೈಲ್ವೆ ಮಕ್ಕಳಿಲ್ಲದಿದ್ದರೆ ಬಾಗಿಲು ಹಾಕಿಸುತ್ತಾರೆ ಎಂದು ಸುದ್ದಿ ಬಂತು. ಒಂದೇ ಮಗುವಿಗಾಗಿ ನಡೆಸುತ್ತಾರೆಯೇ? ಮುಚ್ಚಿದರೆ ಗೌತಮಿಯ ಗತಿ? ಅಧ್ಯಕ್ಷೆಗೇನು, ಕಾರಲ್ಲಿ ಬಂದು ಕಾರಲ್ಲಿ ಹೋಗುವವರು! ಚನ್ನಾಜಮ್ಮ ಹಿಂದಿನ ಬೀದಿಯ ಗಾರೆಯವರ, ಹೂ ಮಾರುವವರ ಮಕ್ಕಳನ್ನೆಲ್ಲ ಕರೆತಂದು ಯೂನಿಫಾರಂ ತೊಡಿಸಿದಳು.

“ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ ಅಂತ ಕೇಳುದ್ರೆ ಏನಂತೀರಿ?”

“ಗ್ಯಾಂಗ್‌ಮನ್ ಮಿಸ್!”

ಹೀಗೆ ಬಾಯಿಪಾಠ ಮಾಡಿಸಿದಳು. ಗೌತಮಿಗೆ ಮಾತ್ರ ಏನೂ ಹೇಳಿಕೊಡಲಿಲ್ಲ. ಅದು ಅಸಲಿ ರೈಲ್ವೆ ಮಗು, ಅದಕ್ಕೇಕೆ ಸುಳ್ಳು ಅಂದುಕೊಂಡಳು.

ಅಧ್ಯಕ್ಷೆ ಬಂದರು. ಬಿಸ್ಕತ್ತು ಹಂಚುತ್ತ ಒಬ್ಬೊಬ್ಬರನ್ನೇ ಕೇಳಿದರು. ಗಾರೆಯವನ ಮಗನೂ ಗ್ಯಾಂಗ್‌ಮನ್ ಮಗನಾದ, ಹೂವಿನವನ ಮಗಳೂ ಆದಳು. ಗೌತಮಿ ಮಾತ್ರ, “ನಮ್ಮಪ್ಪ ಸತ್ತೋದ್ರು” ಎಂದಳು.

ಅಧ್ಯಕ್ಷೆಯ ಕಣ್ಣು ಒದ್ದೆಯಾಯಿತು. ತಲೆ ಸವರಿ ಇನ್ನೊಂದು ಬಿಸ್ಕತ್ತು ಕೊಟ್ಟರು. ಆಮೇಲೆ ಚನ್ನಾಜಮ್ಮನನ್ನು ಪಕ್ಕಕ್ಕೆ ಕರೆದು, “ಚೆನ್ನಾಗಿ ನಡೀತಿದೆ, ಮುಂದುವರಿಸಿ. ಆದ್ರೆ ಇದು ಕೆಲಸದಲ್ಲಿರೋ ನೌಕರರ ಮಕ್ಕಳಿಗೆ. ಆ ಮಗೂನ ನಾಳೆಯಿಂದ ಕೂರಿಸ್ಕೋಬೇಡಿ. ನಮ್ಮವರು ಆಗಾಗ ಬಂದು ನೋಡ್ತಾರೆ” ಎಂದರು.

ಉಳಿದ ಮಕ್ಕಳ ನಿಜ ಹೇಳಿದರೆ ಬಾಲವಾಡಿಗೇ ಬೀಗ, ಹೇಳದಿದ್ದರೆ ಗೌತಮಿ ಹೊರಗೆ. ಯಾರಿಗಾಗಿ ಇಷ್ಟೆಲ್ಲ ನಾಟಕ ಕಟ್ಟಿದಳೋ ಅವಳ ಕುತ್ತಿಗೆಗೇ ಬಂದಿತ್ತು. ಚನ್ನಾಜಮ್ಮ “ಆಯ್ತು ಮೇಡಂ” ಎಂದಳು. ಹಾಗೆಂದ ತನ್ನ ಮೇಲೆ ಅವಳಿಗೇ ಹೇಸಿಗೆಯಾಯಿತು.

ಮರುದಿನ ಆಶಾರಾಣಿ ಮಗಳನ್ನು ಬಿಡಲು ಬಂದಾಗ, ಚನ್ನಾಜಮ್ಮ ಬಾಗಿಲಿಗೆ ಅಡ್ಡ ನಿಂತು ಹೇಳಬೇಕಾದ್ದನ್ನು ಹೇಳಿದಳು. ಒಳಗೆ ಗೌತಮಿಯ ಜಾಗದಲ್ಲಿ ಹೂವಿನವನ ಮಗಳು ಕೂತಿದ್ದಳು.

ಆಶಾರಾಣಿ ಜಗಳ ಆಡಲಿಲ್ಲ. “ಮತ್ತೆ ಎಲ್ ಬುಟ್ಟೋಗ್ಲಿ ಮಿಸ್ಸು? ಅವ್ರಪ್ಪ ಬಿದ್ದ ತಾವ್ಲೇ ಈಗ ನಂಗೆ ಕೆಲ್ಸ. ಅಲ್ಲೇ ಲೈನ್ ಪಕ್ದಲ್ಲಿ ಕೂರುಸ್ಕೊಳ್ಳಾ?”

ಚನ್ನಾಜಮ್ಮ ಬಾಗಿಲು ಬಿಟ್ಟು ಸರಿಯಲಿಲ್ಲ. ಆಶಾರಾಣಿ ಮಗಳ ಕೈ ಹಿಡಿದುಕೊಂಡು ಹಳಿಯ ಕಡೆ ನಡೆದಳು.