ಹದಿನೈದನೇ ಉಪವಾಸ ಕಳೆದ ಮೇಲೆ

ಅರಬ್ ನಾಡಿನ ಉನೈಜಾದಲ್ಲಿ ಮೂವತ್ತು ವರ್ಷ ತೋಬ್ ಹೊಲಿದೆ. ಪಾದದ ಗಂಟಿನವರೆಗೆ ಇಳಿಯುವ ಆ ಬಿಳಿ ಅಂಗಿಯ ಕಾಲರ್ ಅವಸರ ಸಹಿಸುವುದಿಲ್ಲ. ಅದಕ್ಕೇ ರಂಜಾನಿನ ಹದಿನೈದನೇ ಉಪವಾಸ ಕಳೆದ ಮೇಲೆ ನಾನು ಹಬ್ಬದ ಆರ್ಡರ್ ಹಿಡಿಯುತ್ತಿರಲಿಲ್ಲ. ಮಾಲ್‌ಗಳಲ್ಲಿ ರೆಡಿಮೇಡ್ ತುಂಬಿ, ಅಕ್ಕಪಕ್ಕದ ಟೈಲರ್‌ಗಳು ಹಬ್ಬದ ಮುನ್ನಾದಿನದವರೆಗೂ ಬಟ್ಟೆ ತೆಗೆದುಕೊಳ್ಳತೊಡಗಿದರೂ ನಾನು ಬದಲಾಗಲಿಲ್ಲ.

ಒಂದು ವರ್ಷ, ಆ ಗಡುವು ಮುಗಿದ ಮೇಲೆ, ನನಗೆ ವೀಸಾ ಕೊಟ್ಟ ಧಣಿ, ನನ್ನ ಕಫೀಲ್, ಬಟ್ಟೆ ಹಿಡಿದು ಬಂದರು. ಅಂಗಡಿಯೂ ಅವರ ಹೆಸರಿನಲ್ಲಿ, ಅಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿಯೂ ಅವರ ಕೈಯಲ್ಲಿ. "ಹಬ್ಬ ಕಳೆದು ಕೊಡುತ್ತೇನೆ" ಎಂದೆ. ಅವರು ಬಟ್ಟೆಯನ್ನು ಮತ್ತೆ ಬಗಲಿಗೇರಿಸಿ ಹೊರಟುಹೋದರು.

ಪಕ್ಕದ ಮಿಷನ್ನಿನಲ್ಲಿದ್ದ ಉಡುಪಿಯ ಗೆಳೆಯ ಹೆದರಿದ. "ಕಫೀಲ್‌ಗೇ ಇಲ್ಲ ಅಂತ ಹೇಳುದಾ ಮಾರಾಯ? ನಾಳೆ ಊರಿಗೆ ಕಳಿಸಿದ್ರೆ ಎಂತ ಮಾಡ್ತಿ?"

"ಊರಲ್ಲಿ ಹೊಲಿತೇನೆ. ನೀನು ಸುಮ್ಮನೆ ಗುಂಡಿ ಹಾಕು."

ಹಾಗೆಂದೆನೇ ಹೊರತು, ಆಮೇಲೆ ಫೋನ್ ಬಂದಾಗಲೆಲ್ಲ ಕಫೀಲರದ್ದೇ ಇರಬೇಕೆಂದು ನಾನೂ ಮಿಷನ್ ನಿಲ್ಲಿಸಿ ನಂಬರ್ ನೋಡುತ್ತಿದ್ದೆ.

ಹಬ್ಬದ ಬೆಳಿಗ್ಗೆ ನಮಾಜ್ ಮುಗಿಸಿಕೊಂಡು ಕಫೀಲ್ ನಮ್ಮ ರೂಮಿಗೇ ಬಂದರು. ಮೈಮೇಲೆ ಹಿಂದಿನ ವರ್ಷ ನಾನು ಹೊಲಿದಿದ್ದ ತೋಬ್. ಅವರ ಮುಖಕ್ಕಿಂತ ಮೊದಲು ನನ್ನ ಕಣ್ಣು ಹೋದದ್ದು ಕಾಲರಿಗೆ. ಅದು ಇನ್ನೂ ನೆಟ್ಟಗೆ ನಿಂತಿತ್ತು.

"ಇದನ್ನು ಹೊಲಿದವರು ಯಾರೆಂದು ಮಸೀದಿಯಲ್ಲಿ ಇಬ್ಬರು ಕೇಳಿದರು" ಎಂದರು ಅರಬಿಯಲ್ಲಿ.

"ನೀವೇನು ಹೇಳಿದಿರಿ?"

"ನನ್ನ ಟೈಲರ್ ಎಂದೆ. ಹದಿನೈದು ಕಳೆದರೆ ನನಗೂ ಹೊಲಿದುಕೊಡುವವನಲ್ಲ ಎಂದೆ."