ಈ ಹಲ್ಲು ಯಾರ ಬಾಯಿಯದು

ನನ್ನ ಅತ್ತೆ ಹಾಲಿನ ಪಾಕೀಟನ್ನೂ ನಂಬುತ್ತಿರಲಿಲ್ಲ. ಬೆಳಕಿಗೆ ಹಿಡಿದು, ತಿರುವಿ, ಮೂಸಿ, "ಇದು ಯಾವ ಎಮ್ಮಿದು? ಯಾರ ಕೈಲೆ ಕರದಾರ?" ಎಂದು ಕೇಳಿದ ಮೇಲೆಯೇ ಕತ್ತರಿ. ಕೇಳುವುದು ನನ್ನನ್ನು. ನಾನೇನು ಎಮ್ಮೆ ಕಾಯುತ್ತಿದ್ದೆನೇ? ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ವಿಜಾಪುರದ ಕಡೆಯಿಂದ ಮದುವೆಯಾಗಿ ಗೋವಾದ ಬಂದರಿನ ಮೇಲಿನ ಸಡಾಕ್ಕೆ ಬಂದಾಗ ನನ್ನನ್ನೂ ಹೀಗೆಯೇ ತಿರುವಿ ನೋಡಿದ್ದರು. ಮೂಸಲಿಲ್ಲ, ಅಷ್ಟೇ ಪುಣ್ಯ.

ನಮ್ಮ ಮನೆಮಾತು ಕನ್ನಡ. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ, ಅಂಗಡಿಯವನ ಹತ್ತಿರ ಹಿಂದಿ, ಕೊಂಕಣಿ ಎರಡೂ ಕಲಸಿದ್ದು. ಗಂಡ ಕಂಪನಿ ಬಸ್ಸು ಹತ್ತಿ ವೆರ್ಣಾದ ಕಾರ್ಖಾನೆಗೆ ಹೋದರೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ. ಸಂಜೆ ಓಣಿಯ ಹುಡುಗಿಯರು ಕಾಯದಾ ಹಿಡಿದು ಬರುತ್ತಿದ್ದರು. ಕಾಯದಾ ಎಂದರೆ ಅರಬ್ಬಿ ಅಕ್ಷರ ಕಲಿಸುವ ತೆಳ್ಳನೆಯ ಪುಸ್ತಕ. ಅತ್ತೆ ಚಾಪೆಯ ತುದಿಗೆ ಕುಳಿತು ಒಂದೊಂದು ಅಕ್ಷರವನ್ನೂ ಹೇಳಿಸುತ್ತಿದ್ದರು. ಕುರಾನಿನ ಅಕ್ಷರ ತಪ್ಪಿದರೆ ಅರ್ಥ ತಪ್ಪುತ್ತದೆ ಎಂಬುದು ಅವರ ದೊಡ್ಡ ಹೆದರಿಕೆ. ಓಣಿಯವರೆಲ್ಲ ಅವರನ್ನು ಆಪಾ ಎನ್ನುತ್ತಿದ್ದರು. ಉಳಿದ ಹೊತ್ತಿನಲ್ಲಿ ಕಾಯಿಪಲ್ಲೆಯವನ ಸಂಗಡ ತಕರಾರು ಮಾಡುವ ಮುದುಕಿ ಆ ಹೊತ್ತಿನಲ್ಲಿ ಬೇರೆಯೇ ಮನುಷ್ಯರಾಗುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ಹೊತ್ತಿನ ಅತ್ತೆಯೆಂದರೆ ನನಗೆ ಇಷ್ಟವಿತ್ತು.

ಹಲ್ಲಿನ ವಿಷಯದಲ್ಲಂತೂ ಅವರ ಸಂಶಯಕ್ಕೆ ಕೊನೆಯೇ ಇರಲಿಲ್ಲ. ನನ್ನ ಬ್ರಶ್ಶು ಬಚ್ಚಲಿನ ಗೂಡಿನಲ್ಲಿ ಕಂಡ ದಿನ ದೊಡ್ಡ ರಂಪ. "ಹಂದಿ ಕೂದಲದ್ದು ಅದು! ಬಾಯಾಗ ಇಟ್ಕೊಂಡು ಆಮ್ಯಾಲ ಕಲ್ಮಾ ಹೇಳ್ತಿ?" ಪ್ಲಾಸ್ಟಿಕ್ ಎಂದೆ. "ಪ್ಲಾಸ್ಟಿಕ್ ಅಂತ ಹೇಳಿ ಮಾರ್ತಾರ, ನೀ ಹೋಗಿ ನೋಡೀಯೇನ?" ನಾನು ಎಲ್ಲಿ ನೋಡಲಿ? ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ. ಡಾಕ್ಟರ್ ಕೈಯಲ್ಲಿ ಹಲ್ಲು ಸ್ವಚ್ಛ ಮಾಡಿಸಿದರೆ ಬುಡ ಸಡಿಲಾಗುತ್ತದೆ, ಮತ್ತೆ ಮತ್ತೆ ಅವರ ಹತ್ತಿರವೇ ಹೋಗಲಿ ಎಂದು ಬೇಕಂತಲೇ ಹಾಗೆ ಮಾಡುತ್ತಾರೆ. ಇನ್ನು ಕಟ್ಟಿಸಿದ ಹಲ್ಲು? ಅದು ದೊಡ್ಡಾಸ್ಪತ್ರೆಯಲ್ಲಿ ಸತ್ತವರದ್ದು. "ವಾರಸುದಾರ್ರು ಇಲ್ಲದ ಹೆಣದ್ದು ಕಿತ್ತು, ತೊಳದು, ಬ್ಯಾರೇದವರ ಬಾಯಾಗ ಕೂಡಸ್ತಾರ. ನನಗ ಎಲ್ಲಾ ಗೊತ್ತೈತಿ."

ಅವರು ನಂಬುತ್ತಿದ್ದ ವಸ್ತು ಒಂದೇ, ಮಶೇರಿಯ ಡಬ್ಬಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಸುಟ್ಟು ಪುಡಿ ಮಾಡಿದ ಮಶೇರಿ. ಸೊಂಟದ ಸಂಚಿಯಲ್ಲಿ ಅದು ಯಾವಾಗಲೂ ಇರಬೇಕು. ಬೆಳಿಗ್ಗೆ ಎದ್ದು ತೋರುಬೆರಳಲ್ಲಿ ಅದ್ದಿ ಮುಂದಿನ ಹಲ್ಲಿಗೆ ತಿಕ್ಕಿ, ತುಟಿಯೊಳಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತರೆ ಬಂದರಿನ ಹಡಗು ನೋಡುತ್ತ ಕೂತುಬಿಡುತ್ತಿದ್ದರು. ಮಧ್ಯಾಹ್ನ ಮತ್ತೊಮ್ಮೆ, ಮಲಗುವಾಗ ಮಗದೊಮ್ಮೆ. "ಹಲ್ಲು ಗಟ್ಟಿ ಇರ್ತಾವ ಇದರಿಂದ" ಎಂದು ಓಣಿಗೆಲ್ಲ ಹೇಳುತ್ತಿದ್ದರು. ನನಗೂ ಕೊಟ್ಟರು. ತಲೆ ಗಿರ್ರೆಂದು ತಿರುಗಿ ನಾನು ಗೋಡೆ ಹಿಡಿದು ಕೂತದ್ದು ನೋಡಿ ನನ್ನ ತವರನ್ನೇ ಬೈದರು.

ಅಷ್ಟು ಗಟ್ಟಿ ಹಲ್ಲುಗಳು ಅಲ್ಲಾಡತೊಡಗಿದವು. ಮುಂದಿನವು, ಮೇಲಿನ ಸಾಲು. ಒಂದು ರೊಟ್ಟಿಯ ಜೊತೆ ಬಂತು, ಒಂದು ಕೆಮ್ಮಿನ ಜೊತೆ. ಮುಂದಿನ ಉಳಿದ ಹಲ್ಲುಗಳೂ ಹಿಂದೆಯೇ ಹೊರಟವು, ಪಕ್ಕದವು ಮಾತ್ರ ನಿಂತವು. ಯಾರಿಗೂ ತೋರಿಸದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತರು. ಊಟಕ್ಕೆ ತೊಂದರೆಯಿಲ್ಲ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದರು. ತೊಂದರೆಯಾದದ್ದು ಚಾಪೆಯ ಮೇಲೆ. ಅರಬ್ಬಿಯ 'ಫಾ' ಎನ್ನಹೋದರೆ ಬರೀ ಗಾಳಿ, 'ಸೀನ್' ಎನ್ನಹೋದರೆ ಸಿಳ್ಳೆ. ಮುಂದಿನ ಸಾಲಿನ ಪುಟ್ಟಿಯೊಬ್ಬಳು ಅತ್ತೆ ಅಂದಂತೆಯೇ ಸಿಳ್ಳೆ ಹೊಡೆದು ತೋರಿಸಿದಳು. ಚೇಷ್ಟೆಗಲ್ಲ, ಅಕ್ಷರವೇ ಹಾಗೆ ಎಂದು ತಿಳಿದಿದ್ದಳು. ಎದುರು ಮನೆಯಲ್ಲಿ ಟ್ರಕ್ ಓಡಿಸುವವನ ಹೆಂಡತಿ ತನ್ನ ಮಗಳನ್ನು ಬಿಡಿಸಿ ಕೆಳಗಿನ ಓಣಿಯ ಪಾಠಕ್ಕೆ ಕಳಿಸತೊಡಗಿದಳು. "ಆಪಾಗ ಆರಾಮಿಲ್ಲ, ತ್ರಾಸ ಯಾಕ ಕೊಡೂದು" ಅಂದಳಂತೆ. ಅವಳನ್ನು ನೋಡಿ ಮತ್ತೊಬ್ಬರು ಬಿಡಿಸಿದರು. ಚಾಪೆ ಖಾಲಿಯಾಗುತ್ತ ಬಂತು. ಒಂದು ಸಂಜೆ ಯಾರೂ ಬರಲಿಲ್ಲ. ಆದರೂ ಅತ್ತೆ ಚಾಪೆ ಹಾಸಿಕೊಂಡು ಬಾಗಿಲು ನೋಡುತ್ತ ಕೂತಿದ್ದರು.

"ನಡೀರಿ ಅತ್ತಿ, ವಾಸ್ಕೋಕ್ಕ ಹೋಗೂಣು" ಎಂದೆ. ಬೈಯುತ್ತಾರೆಂದುಕೊಂಡಿದ್ದೆ, ಬುರ್ಖಾ ಹಾಕಿಕೊಂಡು ಎದ್ದೇಬಿಟ್ಟರು.

ಹಲ್ಲಿನ ಡಾಕ್ಟರ್ ಗೋವಾದವಳೇ, ನನ್ನ ವಯಸ್ಸಿನ ಹೆಣ್ಣುಮಗಳು. ಆಕೆಗೆ ಕನ್ನಡ ಬರುವುದಿಲ್ಲ, ಅತ್ತೆಗೆ ಹಿಂದಿ ಅಷ್ಟಕ್ಕಷ್ಟೆ, ನಡುವೆ ನಾನು. ನಾನು ಹಿಂದಿಯಲ್ಲಿ ಏನು ಹೇಳುತ್ತೇನೋ ಎಂದು ಅತ್ತೆಗೆ ನನ್ನ ಮೇಲೂ ಸಂಶಯ. ಅಳತೆ ತೆಗೆಯಲು ಬಾಯೊಳಗೆ ಗುಲಾಬಿ ಹಿಟ್ಟು ಇಟ್ಟಾಗ ಕಣ್ಣು ಕೆಕ್ಕರಿಸಿ ನನ್ನನ್ನೇ ನೋಡಿದರು. ಮುಂದಿನ ಸಲ ಹೋದಾಗ ಡಾಕ್ಟರ್ ಪ್ಲಾಸ್ಟರಿನ ಅಚ್ಚೊಂದನ್ನು ಎದುರಿಗಿಟ್ಟಳು. ಅತ್ತೆ ಅದರ ಬಲಗಡೆಯ ಸೊಟ್ಟ ಹಲ್ಲನ್ನು ಮುಟ್ಟಿ ನೋಡಿ, ತಮ್ಮ ಬಾಯಲ್ಲಿನದನ್ನೂ ಮುಟ್ಟಿ ನೋಡಿ, "ಹೂಂ, ಇದು ನಂದ ಬಾಯಿ" ಎಂದರು. ಆಮೇಲೆ ಅಸಲು ಪ್ರಶ್ನೆ: "ಕೂಡಸೂ ಹಲ್ಲು ಯಾರ ಬಾಯಿದು? ಕೇಳ ಆಕಿನ್ನ."

ನಾಚಿಕೆಯಿಂದ ಕೇಳಿದೆ. ಡಾಕ್ಟರ್ ನಗಲಿಲ್ಲ. ಕಪಾಟಿನಿಂದ ಪಟ್ಟಿಗಳನ್ನು ತೆಗೆದು ಮುಂದೆ ಹರಡಿದಳು. ಒಂದೊಂದು ಪಟ್ಟಿಗೂ ಮೇಣದಲ್ಲಿ ಅಂಟಿಸಿದ ಹಲ್ಲುಗಳ ಸಾಲು. ಅತ್ತೆ ಒಂದು ಪಟ್ಟಿ ಎತ್ತಿದರು, ಇನ್ನೊಂದರ ಪಕ್ಕ ಇಟ್ಟರು, ಮತ್ತೊಂದನ್ನು ಇಟ್ಟರು. ಬಹಳ ಹೊತ್ತು ನೋಡಿದರು. "ಎಲ್ಲಾ ಒಂದ ನಮೂನಿ ಅದಾವ. ಸೊಟ್ಟ ಇಲ್ಲ, ಸವದಿಲ್ಲ. ಹಿಂಗ ಯಾವ ಮನಷ್ಯಾನ ಬಾಯಾಗೂ ಇರಂಗಿಲ್ಲ. ಮಾಡಿದ್ವ ಖರೇ" ಎಂದು ತೀರ್ಪು ಕೊಟ್ಟರು. ನಾನು ಹೇಳಿದ್ದರೆ ಜನ್ಮದಲ್ಲಿ ಒಪ್ಪುತ್ತಿರಲಿಲ್ಲ.

ಹಲ್ಲು ಬಂತು. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ದಿನಾ ಸಾಬೂನು ಹಚ್ಚಿ ಉಜ್ಜಬೇಕು, ಬಿಸಿನೀರು ಬೇಡವೇ ಬೇಡ ಎಂದಿದ್ದಳು ಡಾಕ್ಟರ್. ಅತ್ತೆ ತೆಗೆಯಲೇ ಇಲ್ಲ. ತೆಗೆದಿಟ್ಟರೆ ಯಾರಾದರೂ ಬದಲಿಸಿದರೆ? ಉಜ್ಜುವುದಂತೂ ದೂರದ ಮಾತು. "ಮಾಡಿದ ಹಲ್ಲಿಗೆ ಹುಳ ಹತ್ತಂಗಿಲ್ಲ, ತೊಳೀಬೇಕ್ಯಾಕ?" ವಸಡು ಕೆಂಪಾಗಿ ಊದಿಕೊಂಡಿತು. ಆಮೇಲೊಂದು ದಿನ ಹಲ್ಲು ಬಾಯಲ್ಲಿ ನಿಲ್ಲಲೇ ಇಲ್ಲ. ಹಾಕಿದರೆ ಗಡಗಡ ಅಲ್ಲಾಡಿ ಕೆಳಗೆ ಬೀಳುತ್ತಿತ್ತು.

"ಬದಲಿ ಮಾಡ್ಯಾರ!" ಅತ್ತೆಯ ಕೂಗು ಬಂದರಿನವರೆಗೆ ಕೇಳಿರಬೇಕು. "ಮನ್ಯಾಗ ಇರಾಕಿ ನೀ ಒಬ್ಬಾಕಿ. ಹೇಳು, ನನ್ನ ಹಲ್ಲು ಎಲ್ಲೈತಿ?"

ನನಗೆ ಮೈಯೆಲ್ಲ ಉರಿಯಿತು. ಇವರ ಹಲ್ಲು ತಗೊಂಡು ನಾನೇನು ಮಾಡಲಿ, ಉಪ್ಪಿನಕಾಯಿ ಹಾಕಲೇ? ಆದರೆ ಅದೇ ಬೆಳಿಗ್ಗೆ ನಾನು ನೀರಿನ ನಲ್ಲಿಯಿಂದ ಬಂದಾಗ ಚಹಾದ ಪಾತ್ರೆ ತಿಕ್ಕಿ ತೊಳೆದು ಬೋರಲು ಹಾಕಿದ್ದನ್ನು ನೋಡಿದ್ದೆ. ಅತ್ತೆ ಪಾತ್ರೆ ತೊಳೆಯುವುದೇ? ಸಂಶಯ ಬಂದಿತ್ತು. ಅವರ ಮನೆಯಲ್ಲಿದ್ದು ಅಷ್ಟಾದರೂ ಕಲಿಯದಿದ್ದರೆ ಹೇಗೆ?

ಮತ್ತೆ ವಾಸ್ಕೋಕ್ಕೆ ಹೋದೆವು. ಡಾಕ್ಟರ್ ಹಲ್ಲಿನ ಕಟ್ಟನ್ನು ಹಳೆಯ ಅಚ್ಚಿನ ಮೇಲೆ ಇಟ್ಟಳು. ಅಲ್ಲಿಯೂ ಅಲ್ಲಾಡಿತು. ಇದೇ ಹಲ್ಲು, ಸೊಟ್ಟಗಾಗಿದೆ, ಯಾರೋ ಕುದಿಸಿದ್ದಾರೆ ಎಂದಳು. ಅತ್ತೆ ಗೋಡೆ ನೋಡಿದರು. ಆಮೇಲೆ ಗೋಡೆಗೇ ಹೇಳಿದರು: "ಎಷ್ಟು ಮಂದಿ ಕೈ ಮುಟ್ಟೇತೋ ಏನೋ. ಅದನ್ನ ಬಾಯಾಗ ಇಟ್ಕೊಂಡು ಆಯತ್ ಹೆಂಗ ಓದಲಿ? ಪಾಕ್ ಮಾಡಾಕ, ಶುದ್ಧ ಆಗಲಿ ಅಂತ ಕುದಿಸಿದೆ." ನನ್ನ ಸಿಟ್ಟು ಅರ್ಧ ಇಳಿಯಿತು. ಹೇಳಿದ್ದನ್ನು ಹಿಂದಿಗೆ ತಿರುಗಿಸಿದೆ. ಹೊಸದು ಮಾಡಿ ಎದುರಿನಲ್ಲೇ ತೊಳೆದು ಕೊಡುತ್ತೇನೆ, ತಣ್ಣೀರಲ್ಲಿ ಎಷ್ಟು ಸಲ ಬೇಕಾದರೂ ತೊಳೆಯಲಿ ಎಂದಳು ಡಾಕ್ಟರ್.

ಹೊಸ ಅಳತೆಗೆ ಬಾಯಿ ನೋಡುವಾಗ ಆಕೆ ಏನು ಹಚ್ಚುತ್ತೀರಿ ಎಂದು ಕೇಳಿದಳು. ಅತ್ತೆ ಹೆಮ್ಮೆಯಿಂದ ಡಬ್ಬಿ ತೆಗೆದುಕೊಟ್ಟರು. ಡಾಕ್ಟರ್ ಮೂಸಿ ನೋಡಿದಳು. ವಸಡು ತಿಂದದ್ದು ಇದೇ ಎಂದಳು. ನಾನು ಅಂಜುತ್ತಂಜುತ್ತಲೇ ಕನ್ನಡದಲ್ಲಿ ಹೇಳಿದೆ.

"ತನ್ನ ಪೇಸ್ಟ ಮಾರಾಕ ಹಂಗ ಹೇಳ್ತಾಳ" ಎಂದು ಬಸ್ಸಿನುದ್ದಕ್ಕೂ ಗೊಣಗಿದರು. ಆದರೆ ಮನೆಗೆ ಬಂದು ಕನ್ನಡಿ ಹಿಡಿದು ಹೊಸ್ತಿಲ ಮೇಲೆ ಕೂತರು. ತುಟಿ ಎತ್ತಿ ನೋಡುವುದು, ಬೆರಳಿಟ್ಟು ನೋಡುವುದು. "ಎಲ್ಲಿ ಒತ್ತಿ ಇಡ್ತಿದ್ನೋ ಅಲ್ಲೇ ಬಿದ್ದಾವಲ್ಲಾ" ಎಂದರು, ನನಗಲ್ಲ, ತಮಗೇ. ಆಮೇಲೆ ಡಬ್ಬಿ ಸಂಚಿಯಲ್ಲಿ ಕಾಣಲಿಲ್ಲ. ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ, ಬಚ್ಚಿಟ್ಟಿರಬಹುದೆಂಬ ಸಂಶಯ ಮಾತ್ರ ಇತ್ತು.

ಎರಡನೆಯ ಕಟ್ಟು ಸರಿಯಾಗಿ ಕೂತಿತು. ಇದನ್ನು ಮಾತ್ರ ರಾತ್ರಿ ತೆಗೆದು ತಣ್ಣೀರಿನಲ್ಲಿಡುತ್ತಿದ್ದರು. ಅತ್ತೆ ಎರಡು ವಾರ ಒಬ್ಬರೇ ಗೋಡೆಯ ಕಡೆ ಮುಖ ಮಾಡಿ ಅಕ್ಷರ ಹೇಳಿ ಹೇಳಿ ರೂಢಿ ಮಾಡಿಕೊಂಡರು. ಆಮೇಲೆ ಬೇರೆ ಕಡೆ ಸೇರದೆ ಉಳಿದ ಹುಡುಗಿಯರನ್ನು ಕರೆಸಿದರು. ಒಂದು ಸಂಜೆ ಪಾಠ ನಡೆದಿದ್ದಾಗ ಬಾಗಿಲ ಪರದೆಯ ಕೆಳಗೆ ಎರಡು ಚಪ್ಪಲಿ ಕಂಡವು. ಎದುರು ಮನೆಯವಳು ಕದ್ದು ಕೇಳುತ್ತಿದ್ದಳು. ಅತ್ತೆಯೂ ನೋಡಿದರು. ದನಿ ಏರಿಸಿದರು. 'ಫಾ' ಫಾ ಆಗಿಯೇ ಬಂತು, 'ಸೀನ್' ಸೀನ್ ಆಗಿಯೇ ಬಂತು.

ಪಾಠ ಮುಗಿದ ಮೇಲೆ ಆಕೆ ಮಗಳನ್ನು ಕೈಹಿಡಿದು ಒಳಗೆ ಬಂದಳು. "ನಾಳಿಂದ ಮತ್ತ ಕಳಸ್ತೇನ್ರಿ ಆಪಾ."

"ಕಳಸವಾ" ಎಂದರು ಅತ್ತೆ. ಮುಖ ಅರಳಿತ್ತು. ಹುಡುಗಿಯನ್ನು ಹತ್ತಿರ ಕರೆದು, "ಎಲ್ಲಿ, 'ಫಾ' ಅನ್ನು ನೋಡೂಣು" ಎಂದರು. ಹುಡುಗಿ ಬಾಯಿ ತೆರೆದಳು. ಹಲ್ಲಿನ ಸಂದಿಯೆಲ್ಲ ಕಪ್ಪು, ತಂಬಾಕಿನ ಘಾಟು ನನ್ನವರೆಗೂ ಬಂತು. "ಏನ ಹಚ್ಚೀ ಇದಕ್ಕ?" ಅತ್ತೆಯ ದನಿ ಸಣ್ಣಗಾಯಿತು.

"ಮಶೇರಿ ರೀ" ಎಂದಳು ತಾಯಿ. "ನೀವ ಹೇಳಿದ್ರಲ್ಲಾ, ಹಲ್ಲು ಗಟ್ಟಿ ಇರ್ತಾವಂತ. ಅವಾಗಿಂದ ಹಚ್ಚಾಕತ್ತೇವಿ, ಓಣ್ಯಾಗ ಎಲ್ಲಾರೂ. ನೀವು ಹೇಳಿದ ಮ್ಯಾಲ ಮತ್ತ ಕೇಳೂದೇನೈತ್ರಿ?"

ನಾನು ಅತ್ತೆಯನ್ನೇ ನೋಡುತ್ತಿದ್ದೆ. ನನ್ನೆದುರಿಗೂ ಹಲ್ಲಿಲ್ಲದ ಬಾಯಿ ತೋರಿಸದ ಹೆಂಗಸು, ರಾತ್ರಿ ಪರದೆ ಎಳೆದುಕೊಂಡು ಹಲ್ಲು ತೆಗೆಯುತ್ತಿದ್ದ ಹೆಂಗಸು, ಆ ತಾಯಿಯ ಎದುರು, ಹುಡುಗಿಯರೆಲ್ಲರ ಎದುರು, ಬೆರಳು ಹಾಕಿ ಹಲ್ಲಿನ ಕಟ್ಟನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಮೇಲ್ತುಟಿ ಒಳಗೆ ಹೋಯಿತು. ಅದನ್ನು ಬೆರಳಿನಿಂದ ಎತ್ತಿ ಬೋಳು ವಸಡು ತೋರಿಸಿದರು.

"ನೋಡು, ಇದ್ರಿಂದ ಆದದ್ದು" ಎಂದರು. ಮಾತಿಗಿಂತ ಗಾಳಿಯೇ ಹೆಚ್ಚು ಬಂತು, ಆದರೆ ಎಲ್ಲರಿಗೂ ತಿಳಿಯಿತು. "ನನ್ನೂ ಕೇಳಬೇಕಾಗಿತ್ತವಾ ನೀ."